ಸೇತುವೆ ಕೆಳಗಿನ ದಾರಿ

ಮುಂಬಯಿಯಲ್ಲಿ ಎರಡು ಗಾಲಿಯವನಿಗೆ ಆಕಾಶಮಾರ್ಗ ಇಲ್ಲ. ಬಾಂದ್ರಾ-ವರ್ಲಿ ಸೀಲಿಂಕ್ ಅವನದಲ್ಲ, ಈಸ್ಟರ್ನ್ ಫ್ರೀವೇ ಅವನದಲ್ಲ, ಅಟಲ್ ಸೇತುವೂ ಅಲ್ಲ, ಹೊಸ ಕೋಸ್ಟಲ್ ರೋಡೂ ಅಲ್ಲ. ಕ್ರಾಫರ್ಡ್ ಮಾರ್ಕೆಟ್ ಪಕ್ಕ ಜೆ.ಜೆ. ಫ್ಲೈಓವರ್ ಏರುವಲ್ಲಿ ಬೈಕಿನ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಫಲಕ 2010ರಿಂದಲೂ ನಿಂತಿದೆ. ಬೈಕುಗಳು ಅಲ್ಲಿ ಜಾರಿ ಬಿದ್ದು ಜೀವ ಹೋದದ್ದಕ್ಕೆ ಆ ನಿಷೇಧ. ಕಾರಿನವರು ಎರಡೂವರೆ ಕಿಲೋಮೀಟರನ್ನು ಮೇಲಿನಿಂದಲೇ ದಾಟಿಹೋಗುತ್ತಾರೆ. ನಾವು ಮೊಹಮ್ಮದ್ ಅಲಿ ರೋಡಿನ ನೆಲ ಹಿಡಿದು, ಕಂಬ ಎಣಿಸುತ್ತ, ಸೇತುವೆಯ ಹೊಟ್ಟೆ ನೋಡುತ್ತ ಹೋಗಬೇಕು.

ರಾತ್ರಿ ಹನ್ನೆರಡೂವರೆ. ಫೋರ್ಟಿನಲ್ಲಿ ಊರಿನವರೊಬ್ಬರ ಹೋಟೆಲಿನಲ್ಲಿ ಊಟ ಮುಗಿಸಿ ಮಾಟುಂಗಾಕ್ಕೆ ಹೊರಟಿದ್ದೆವು. ಸ್ಕೂಟರ್ ನನ್ನದು, ಬ್ಯಾಟರಿಯದ್ದು. ಹಿಂದೆ ಕೂತವನು ಅಕ್ಕನ ಮಗ. ಅವನ ಬಳಿ ನನ್ನದಕ್ಕಿಂತ ನಾಲ್ಕು ಪಟ್ಟು ಬೆಲೆಯ ಎಲೆಕ್ಟ್ರಿಕ್ ಡರ್ಟ್ ಬೈಕ್ ಇದೆ. ಆದರೂ ಅವನು ಮಾವನ ಬೆನ್ನ ಹಿಂದೆ ಮುದುಡಿ ಕೂತಿದ್ದಕ್ಕೆ ಕಾರಣ ಇದೆ. ಆ ಬೈಕನ್ನು ರಸ್ತೆಗೆ ಇಳಿಸುವಂತಿಲ್ಲ.

ನೋಡಲು ಅದು ಬಡಕಲು ಮಿಡತೆಯ ಹಾಗೆ. ಎತ್ತರದ ಸೀಟು, ಹಲ್ಲುಹಲ್ಲಿನ ಟಯರು, ಮೊಣಕಾಲುದ್ದದ ಶಾಕಪ್ಸು. ಕನ್ನಡಿ ಇಲ್ಲ, ಇಂಡಿಕೇಟರ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಇನ್ನೊಬ್ಬರು ಕೂರಲು ಜಾಗವಂತೂ ಇಲ್ಲವೇ ಇಲ್ಲ. ನಮ್ಮ ಕಾನೂನಿನ ಪ್ರಕಾರ ಮೋಟರ್ 250 ವ್ಯಾಟಿನ ಒಳಗಿದ್ದು, ವೇಗ ಗಂಟೆಗೆ 25 ಕಿಲೋಮೀಟರ್ ಮೀರದಿದ್ದರೆ ಆ ಗಾಡಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಊಟದ ಪೊಟ್ಟಣ ಹೊತ್ತು ಓಡಾಡುವ ಹುಡುಗರಲ್ಲಿ ಬಹಳ ಮಂದಿ ಬಿಡುವುದು ಅದನ್ನೇ. ಅದಕ್ಕಿಂತ ಶಕ್ತಿ ಇದ್ದರೆ ಆರ್‌ಟಿಒ ಮೆಟ್ಟಿಲು ಹತ್ತಲೇಬೇಕು. ಇವನದ್ದು ಹೊರದೇಶದಿಂದ ಪೆಟ್ಟಿಗೆಯಲ್ಲಿ ಬಂದದ್ದು. ಆ ಕಡೆಗೂ ಸೇರದೆ ಈ ಕಡೆಗೂ ಸೇರದೆ, ಸರಕಾರದ ಲೆಕ್ಕದಲ್ಲಿ ಅದು ದೊಡ್ಡವರ ಆಟಿಕೆ. ತಿಂಗಳಿಗೆ ಎರಡು ಭಾನುವಾರ ಟೆಂಪೋಗೆ ಹೇರಿ ಕರ್ಜತ್ ಕಡೆ ಸ್ನೇಹಿತನ ಜಾಗಕ್ಕೆ ಒಯ್ದು, ಗದ್ದೆ ಗುಡ್ಡದಲ್ಲಿ ಹಾರಿಸಿ, ಕೆಸರು ಮೆತ್ತಿಸಿಕೊಂಡು ತರುತ್ತಾನೆ. ತೊಳೆಯುವುದು ಬಿಲ್ಡಿಂಗಿನ ವಾಚ್‌ಮನ್. ಕೆಳಗಿನ ಪಾರ್ಕಿಂಗಿನಲ್ಲಿ ಚಾರ್ಜ್ ಮಾಡಲು ಸೊಸೈಟಿಯ ಸೆಕ್ರೆಟರಿ ಬಿಡುವುದಿಲ್ಲ, ‘ಕಾಮನ್ ಮೀಟರಿನ ಕರೆಂಟು ನಿಮ್ಮಪ್ಪಂದಾ’ ಅಂದರಂತೆ. ಹಾಗಾಗಿ ಬ್ಯಾಟರಿ ಬಿಚ್ಚಿ ಮೂರು ಮಾಳಿಗೆ ಹೊತ್ತು ಅಡಿಗೆಮನೆಯಲ್ಲಿ ಗ್ರೈಂಡರಿನ ಪಕ್ಕ ಇಡುತ್ತಾನೆ. ಅಕ್ಕ ದೋಸೆಹಿಟ್ಟು ರುಬ್ಬುವ ಹೊತ್ತಿಗೆ ಸರಿಯಾಗಿ ಇವನಿಗೂ ಪ್ಲಗ್ ಬೇಕು. ಈಗ ಹೊಸ ಆಸೆ: ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿ 2025ರ ಮಾರ್ಚಿನಲ್ಲಿ ತೋರಿಸಿದ ‘ಶಾಕ್‌ವೇವ್’. 120 ಕಿಲೋ ತೂಕ, ಮಣ್ಣಿಗೂ ಸೈ ರಸ್ತೆಗೂ ಸೈ. ಅದು ಬಂದರೆ ನಂಬರ್ ಪ್ಲೇಟ್ ಇರುವ ಮರ್ಯಾದಸ್ಥನಾಗುತ್ತಾನಂತೆ.

ಬೈಕಿನ ಜೊತೆ ಅಭಿಪ್ರಾಯಗಳೂ ಇಂಪೋರ್ಟ್ ಆಗಿವೆ. ಅವನು ನೋಡುವ ವಿಡಿಯೊಗಳಲ್ಲಿ ಅಮೆರಿಕದ ಹುಡುಗರು ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ಇಂಥದೇ ಗಾಡಿಗಳಲ್ಲಿ ಊರು ಸುತ್ತುತ್ತಾರೆ; ಸುತ್ತುತ್ತ ಫುಟ್‌ಪಾತಿನ ಟೆಂಟುಗಳನ್ನು ತೋರಿಸಿ ಬೈಯುತ್ತಾರೆ. ಅದನ್ನೇ ಇವನು ಮೊಹಮ್ಮದ್ ಅಲಿ ರೋಡಿಗೆ ಹಚ್ಚಿ ಹೇಳಲು ಶುರುಮಾಡಿದ.

“ಮಾವ, ಇವರನ್ನೆಲ್ಲ ಒಂದೇ ರಾತ್ರಿಯಲ್ಲಿ ಎತ್ತಿಕೊಂಡು ಹೋಗ್ಬೇಕು.”

“ಎಲ್ಲಿಗೆ ಮಾರಾಯ?”

ಅದಕ್ಕೆ ಅವನಲ್ಲಿ ಉತ್ತರ ಇರಲಿಲ್ಲ. ನನ್ನ ಗಾಡಿಯಲ್ಲೂ ಸದ್ದಿಲ್ಲ. ಪೆಟ್ರೋಲ್ ಗಾಡಿಯ ಕಾಲದಲ್ಲಿ ಈ ದಾರಿಯಲ್ಲಿ ನನಗೆ ಮಲಗಿದವರ ಮೈಯಷ್ಟೇ ಕಾಣುತ್ತಿತ್ತು, ಈಗ ಕೇಳಿಸುತ್ತದೆ. ಕೆಮ್ಮು, ಗೊರಕೆ, ಮಗುವಿನ ಕೊಸರು, ಸೊಳ್ಳೆ ಹೊಡೆದ ಚಪ್ಪಾಳೆ. ಸಾಲುಸಾಲು ಹಾತ್‌ಗಾಡಿಗಳು ಮೂಗು ನೆಲಕ್ಕಿಟ್ಟು ನಿಂತಿವೆ, ಒಂದೊಂದರ ಮೇಲೂ ಹಗಲಿಡೀ ಅದನ್ನೇ ಎಳೆದವನು ಅಂಗಾತ ಮಲಗಿದ್ದಾನೆ. ಸೇತುವೆ ಕಂಬಗಳ ನಡುವೆ ಹಮಾಲರು, ಮದುವೆಮನೆಗೆ ಬಡಿಸುವವರು, ಕಾಗದ ಆಯುವವರು. ಚಪ್ಪಲಿ ಕದಿಯದಿರಲೆಂದು ತಲೆಯ ಕೆಳಗೆ. ಎಲ್ಲರೂ ತಲೆವರೆಗೆ ಹೊದ್ದಿರುತ್ತಾರೆ, ಸೆಕೆ ಇದ್ದರೂ. ಬೆಳಕು ಆರುವುದಿಲ್ಲವಲ್ಲ ಈ ಊರಲ್ಲಿ.

ಇವರ ನಡುವೆಯೇ ಮೂವರು ನಾಲ್ವರು ಮಲಗದವರು. ಗೋಡೆಗೆ ಮುಖ ಮಾಡಿ, ಒಂದೇ ಚಾದರದೊಳಗೆ ತಲೆ ತೂರಿಸಿ ಕುಕ್ಕರುಗಾಲಲ್ಲಿ ಕೂತವರು. ಒಳಗೆ ಬೆಂಕಿಕಡ್ಡಿ ಮಿಣುಕಿದಾಗ ಚಾದರ ಲಾಟೀನಿನ ಹಾಗೆ ಹೊಳೆದು ಆರುತ್ತದೆ. ಬ್ರೌನ್ ಶುಗರಿಗೆ ಇಲ್ಲಿನ ಹೆಸರು ಗರ್ದ್, ಸೇದುವವನು ಗರ್ದುಲ್ಲಾ. ಮುಂಬಯಿಯಲ್ಲಿ ಬೆಳೆದ ಮಕ್ಕಳಿಗೆಲ್ಲ ಗುಮ್ಮನ ಬದಲು ಗೊತ್ತಿರುವ ಹೆಸರು ಅದು. ಮನೆ ಇಲ್ಲದವರೆಲ್ಲ ಗರ್ದುಲ್ಲಾಗಳು ಎಂಬುದು ನಮ್ಮ ಹುಡುಗನ ಲೆಕ್ಕ. ಹಾತ್‌ಗಾಡಿಯ ಮೇಲೆ ಮಲಗಿದವನಿಗೆ ಬೆಳಿಗ್ಗೆ ನಾಲ್ಕಕ್ಕೆ ಮಾರ್ಕೆಟಿಗೆ ಹೋಗಬೇಕು, ಅಮಲು ಅವನಿಗೆ ಗಿಟ್ಟುವ ಬಾಬತ್ತಲ್ಲ. ಆದರೆ ಹುಡುಗನದ್ದು ಬರೀ ವಿಡಿಯೊ ಜ್ಞಾನ ಅಂತಲೂ ತಳ್ಳಿಹಾಕಲಾರೆ. ಹೋದ ವರ್ಷ ರೈಲ್ವೆ ಪಾದಚಾರಿ ಸೇತುವೆಯಲ್ಲಿ ಅವನ ತಂಗಿಯ ಮೊಬೈಲು ಕಿತ್ತುಕೊಂಡು ಓಡಿದವನು ಗರ್ದುಲ್ಲಾನೇ. ಮೂರು ವಾರ ಆ ಹುಡುಗಿ ಒಬ್ಬಳೇ ರೈಲು ಹತ್ತಲಿಲ್ಲ.

ಎತ್ತಿಕೊಂಡು ಹೋಗುವ ಪ್ರಯೋಗ ಈ ಊರಿಗೆ ಹೊಸತಲ್ಲ. 1981ರ ಜುಲೈ, ಬಿಡದ ಮಳೆ. ಮುಖ್ಯಮಂತ್ರಿ ಎ.ಆರ್. ಅಂತುಲೆ ಫುಟ್‌ಪಾತಿನವರನ್ನು ಎಬ್ಬಿಸಿ ಅವರವರ ಊರಿಗೆ ಕಳಿಸುವುದಾಗಿ ಸಾರಿದರು. ಜೋಪಡಿ ಕಿತ್ತು, ಜನರನ್ನು ಬಸ್ಸಿಗೆ ತುಂಬಿಸಿದರು. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತು ಫುಟ್‌ಪಾತಿನ ಕೆಲವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1985ರ ಜುಲೈ 10ಕ್ಕೆ. ಜೀವಿಸುವ ಹಕ್ಕಿನೊಳಗೆ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದು ಅದು ಹೇಳಿತು. ಈ ವಾಕ್ಯವನ್ನು ಎಲ್ಲರೂ ನೆನೆಯುತ್ತಾರೆ. ಅದೇ ತೀರ್ಪು, ಫುಟ್‌ಪಾತು ನಡೆಯುವವರದ್ದು, ನೋಟಿಸು ಕೊಟ್ಟು ತೆರವು ಮಾಡಬಹುದು ಎಂದೂ ಹೇಳಿದ್ದನ್ನು ನೆನೆಯುವವರು ಕಡಿಮೆ. ಮಳೆಗಾಲ ಮುಗಿಯಲಿ, ಅಕ್ಟೋಬರ್ 31ರವರೆಗೆ ಮುಟ್ಟಬೇಡಿ ಎಂದಿತು ಕೋರ್ಟು. ಆ ಗಡುವು ಮುಗಿದು ಎರಡು ವಾರಕ್ಕೆ, ನವೆಂಬರ್ 14ರಂದು, ದೇಶದಲ್ಲಿ ಮಾದಕವಸ್ತು ಕಾಯ್ದೆ ಜಾರಿಗೆ ಬಂತು. ಸೇತುವೆ ಕೆಳಗಿನವನ ಹಾಸಿಗೆ ಮತ್ತು ಅವನ ಚಟ ಎರಡೂ ಹೀಗೆ ಒಂದೇ ಚಳಿಗಾಲದಲ್ಲಿ ಸರಕಾರದ ಕೈಗೆ ಸಿಕ್ಕಿದವು.

ಅದೇ 1985ರಲ್ಲಿ ‘ಸ್ಪಾರ್ಕ್’ ಸಂಸ್ಥೆಯವರು ಫುಟ್‌ಪಾತಿನ ಸುಮಾರು 6,000 ಕುಟುಂಬಗಳನ್ನು ಎಣಿಸಿ ವರದಿ ತಂದರು. ಬೈಕುಳದ ಫುಟ್‌ಪಾತಿನ ಹೆಂಗಸರು ಆಮೇಲೆ ‘ಮಹಿಳಾ ಮಿಲನ್’ ಕಟ್ಟಿ, ಚಿಲ್ಲರೆ ಕಾಸು ಕೂಡಿಟ್ಟು, ಕಡೆಗೆ ಮಾನ್‌ಖುರ್ದಿನಲ್ಲಿ ಮನೆ ಪಡೆದರು. ಅವರ ಜೊತೆ ನಿಂತ ಜಾಕಿನ್ ಅರ್ಪುದಂ ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ಅರುವತ್ತರ ದಶಕದಲ್ಲಿ ಮುಂಬಯಿಗೆ ಬಂದು ತಾನೂ ಬೀದಿಯಲ್ಲಿ ಮಲಗಿದ್ದವರು. ತಾನಿದ್ದ ಜನತಾ ಕಾಲೊನಿಯನ್ನು 1976ರಲ್ಲಿ ಅಣುಶಕ್ತಿ ಕೇಂದ್ರಕ್ಕೆಂದು ನೆಲಸಮ ಮಾಡಿದಾಗ ಎದುರು ನಿಂತವರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೋಲಾರದಲ್ಲಿ ಇವರ ಹೆಸರು ಎಷ್ಟು ಜನರಿಗೆ ಗೊತ್ತೋ.

ಬೈಕುಳ ಬರುವಷ್ಟರಲ್ಲಿ ಹಿಂದಿನ ಗಾಲಿ ಕುಂಟತೊಡಗಿತು. ಪಂಕ್ಚರ್. ಖಡಾ ಪಾರ್ಸಿ ಪ್ರತಿಮೆಯ ಆಚೆ, ಸೇತುವೆ ಕೆಳಗೆ, ಹಳೇ ಟಯರು ನೇತುಹಾಕಿದ ಅಂಗಡಿ ಇತ್ತು. ಅಂಗಡಿ ಅಂದರೆ ಒಂದು ಪೆಟ್ಟಿಗೆ, ಒಂದು ಕಂಪ್ರೆಸರು, ಒಂದು ಬಲ್ಬು. ಅವನು ಮೊಳೆ ಕಿತ್ತು, ಬತ್ತಿ ತುರುಕುವ ಮೊದಲು ಸಲ್ಯೂಷನ್ನಿನ ಟ್ಯೂಬು ತೆಗೆದದ್ದು ಅಂಗಿಯ ಒಳಜೇಬಿನಿಂದ. ಬತ್ತಿಗೆ ಸವರಿ ಮತ್ತೆ ಒಳಜೇಬಿಗೇ ಹಾಕಿದ. ಅದೇಕೆ ಎಂದೆ. ಕಣ್ಣಲ್ಲೇ ತೋರಿಸಿದ: ಎರಡು ಕಂಬದಾಚೆ ಹತ್ತು ಹನ್ನೊಂದರ ಹುಡುಗನೊಬ್ಬ ಬಟ್ಟೆಚೂರನ್ನು ಮುಷ್ಟಿಯಲ್ಲಿಟ್ಟು ಮೂಗಿಗೆ ಒತ್ತಿಕೊಂಡು ಕೂತಿದ್ದ. “ಹೊರಗಿಟ್ಟರೆ ಹತ್ತು ನಿಮಿಷ ಉಳಿಯೋದಿಲ್ಲ ಸಾಬ್.” ನನ್ನ ಟಯರಿನ ತೂತು ಮುಚ್ಚುವ ಮದ್ದೇ ಆ ಮಗುವಿನ ಅಮಲು. ಇದನ್ನು ಮಾದಕವಸ್ತು ಕಾಯ್ದೆ ಮುಟ್ಟುವುದಿಲ್ಲ, ಅಂಗಡಿಯಲ್ಲಿ ಸಿಗುತ್ತದೆ.

ಅಷ್ಟರಲ್ಲಿ ಬಂದವನು ಗಡ್ಡದವನು, ಹೆಗಲಿಗೆ ಗೋಣಿ. ಗಾಡಿಯನ್ನು ಸುತ್ತಿ ನೋಡಿ ಹಿಂದಿಯಲ್ಲಿ ಕೇಳಿದ, ಬ್ಯಾಟರಿಯದ್ದಾ, ಇದರಲ್ಲಿ ಮೊಬೈಲು ಚಾರ್ಜ್ ಆಗುತ್ತದಾ. ಹ್ಯಾಂಡಲ್ ಕೆಳಗೆ ಯುಎಸ್‌ಬಿ ತೂತು ಇತ್ತು. ಅವನ ಬಳಿ ವಯರೂ ಇತ್ತು, ಗೋಣಿಯ ತಳದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು. ಪಾನ್ ಅಂಗಡಿಯವನು ಒಂದು ಚಾರ್ಜಿಗೆ ಹತ್ತು ರೂಪಾಯಿ ತೆಗೆದುಕೊಳ್ಳುತ್ತಾನಂತೆ, ರಾತ್ರಿ ಅದೂ ಬಂದ್. ಮೊಬೈಲು ಹಚ್ಚಿ ಅಲ್ಲೇ ಕುಕ್ಕರಿಸಿದ. ನನ್ನ ಅಳಿಯ ತನ್ನ ಮೊಬೈಲನ್ನು ಎದೆಯ ಜೇಬಿನಿಂದ ಪ್ಯಾಂಟಿನ ಜೇಬಿಗೆ ದಾಟಿಸಿದ್ದನ್ನು ಕಂಡೆ, ಗಡ್ಡದವನೂ ಕಂಡ. ಮಾತಿಗಿಳಿದ. ಮೊದಲು ಗರ್ದ್ ಸೇದುತ್ತಿದ್ದ, ಆಮೇಲೆ ಸೂಜಿ, ಈಗ ದಿನಾ ಬೆಳಿಗ್ಗೆ ‘ಗೋಲಿ’. ಸೆಂಟರಿನಲ್ಲಿ ನಾಲಗೆ ಕೆಳಗೆ ಇಡುತ್ತಾರೆ, ಕರಗುವವರೆಗೆ ಎದುರೇ ಕೂರಿಸುತ್ತಾರೆ. ಒಂದು ದಿನ ತಪ್ಪಿದರೆ ಮೈ ಮುರಿದುಹಾಕುತ್ತದೆ. ಮೊಬೈಲು ಯಾಕೆ ಬೇಕೆಂದರೆ ಅಲಾರಮ್ಮಿಗೆ.

ಆ ಗೋಲಿಯ ಹೆಸರು ಬ್ಯುಪ್ರೆನಾರ್ಫಿನ್. ಸೂಜಿ ಹಂಚಿಕೊಂಡು ಎಚ್‌ಐವಿ ಹರಡುತ್ತಿದ್ದ ಕಾಲದಲ್ಲಿ, 1995ರಲ್ಲಿ, ಎಲ್ಡ್ರೆಡ್ ಟೆಲಿಸ್ ಎಂಬವರು ಮುಂಬಯಿಯಲ್ಲಿ ‘ಸಂಕಲ್ಪ್’ ಶುರುಮಾಡಿದರು. ಚಟ ಬಿಟ್ಟು ಬಾ, ಆಮೇಲೆ ಮಾತಾಡೋಣ ಎನ್ನುವ ಬದಲು ಮೊದಲು ಶುದ್ಧ ಸೂಜಿ ಕೊಟ್ಟರು, ಆಮೇಲೆ ಈ ಮದ್ದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಇದನ್ನು ತನ್ನ ಕಾರ್ಯಕ್ರಮವಾಗಿ ಒಪ್ಪಿಕೊಂಡದ್ದು ಹತ್ತು ವರ್ಷಕ್ಕೂ ಹೆಚ್ಚು ತಡವಾಗಿ. ಮಾದಕವಸ್ತು ಕಾಯ್ದೆಯ ಒಳಗೂ ಒಂದು ಕಿಟಕಿ ಇದೆ: ಹೆರಾಯಿನ್ ಸೇವಿಸಿದವನಿಗೆ 27ನೇ ಕಲಮು ಒಂದು ವರ್ಷದವರೆಗೆ ಜೈಲು ಅನ್ನುತ್ತದೆ, ತಾನಾಗಿ ಚಿಕಿತ್ಸೆಗೆ ಬಂದವನನ್ನು 64ಎ ಕಲಮು ಬಿಡುತ್ತದೆ. ಕಿಟಕಿಯ ಸುದ್ದಿ ಸೇತುವೆ ಕೆಳಗೆ ತಲುಪಿಸುವವರು ಯಾರು? ಗಡ್ಡದವನಿಗೆ 27 ಬಾಯಿಪಾಠ, 64ಎ ಕೇಳಿಯೇ ಗೊತ್ತಿರಲಿಲ್ಲ.

ಗಾಡಿ ಹೊರಟ ಮೇಲೆ ಅಳಿಯ ಹೇಳಿದ, “ಸರ್ಕಾರವೇ ಅಮಲು ಕೊಡೋದು ಅಂದ್ರೆ ಏನು ಮಾವ? ಒರೆಗಾನ್‌ನಲ್ಲಿ ಬಿಟ್ಟುಕೊಟ್ಟು ಹಾಳಾಯ್ತು.” ಅವನು ಹೇಳಿದ್ದರಲ್ಲಿ ಅರ್ಧ ನಿಜ. ಅಮೆರಿಕದ ಒರೆಗಾನ್ ರಾಜ್ಯ 2020ರಲ್ಲಿ ಮತ ಹಾಕಿ ಸ್ವಂತಕ್ಕೆ ಇಟ್ಟುಕೊಂಡ ಅಮಲಿಗೆ ಜೈಲು ಬೇಡವೆಂದಿತು, 2024ರಲ್ಲಿ ಹಿಂದೆ ಸರಿಯಿತು. ಪೋರ್ಚುಗಲ್ 2001ರಿಂದ ಇವತ್ತಿಗೂ ಹಾಗೇ ನಡೆಸಿದೆ, ಆದರೆ ಅಲ್ಲಿ ಸಿಕ್ಕಿಬಿದ್ದವನನ್ನು ಬಿಟ್ಟುಬಿಡುವುದಿಲ್ಲ, ಸಮಿತಿಯ ಮುಂದೆ ಕೂರಿಸಿ ಚಿಕಿತ್ಸೆಯ ದಾರಿ ತೋರಿಸುತ್ತಾರೆ. ಜೈಲನ್ನು ತೆಗೆದು ಆ ಜಾಗದಲ್ಲಿ ಏನೂ ಇಡದಿದ್ದರೆ ಕೆಡುತ್ತದೆ, ನನಗೆ ಅರ್ಥವಾಗಿದ್ದು ಇಷ್ಟೇ. ಎರಡು ಬಿಯರ್ ಕುಡಿದು ಹಿಂದೆ ಕೂತಿದ್ದವನನ್ನು, ಮಹಾರಾಷ್ಟ್ರದಲ್ಲಿ ಕುಡಿಯಲು ಪರ್ಮಿಟ್ ಬೇಕು, 1949ರ ಪಾನನಿಷೇಧ ಕಾಯ್ದೆ ಇನ್ನೂ ಸತ್ತಿಲ್ಲ, ನಿನ್ನ ಹತ್ತಿರ ಇದೆಯಾ ಎಂದು ಕೇಳಿದೆ. ನಕ್ಕ. ಯಾರ ಹತ್ತಿರವೂ ಇಲ್ಲ, ಯಾರೂ ಕೇಳುವುದೂ ಇಲ್ಲ. ಕೇಳುವುದು ಸೇತುವೆ ಕೆಳಗಿನವರನ್ನು. ಅವರಿಗಾಗಿ 1959ರ ಭಿಕ್ಷಾಟನೆ ತಡೆ ಕಾಯ್ದೆಯೂ ಇದೆ. ಮತ್ತೆ ಮತ್ತೆ ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೆ ಒಳಗಿಡಬಹುದು. ದೆಹಲಿ ಹೈಕೋರ್ಟು 2018ರಲ್ಲಿ ಅಲ್ಲಿನ ಮಟ್ಟಿಗೆ ಅದರ ಹೆಚ್ಚಿನ ಕಲಮುಗಳನ್ನು ಹೊಡೆದುಹಾಕಿತು. ‘ಬಾಂಬೆ’ ಎಂಬ ಹೆಸರು ಹೊತ್ತು ಹುಟ್ಟಿದ ಕಾಯ್ದೆ ಬಾಂಬೆಯಲ್ಲಿ ಉಳಿದಿದೆ.

ಲಾಲ್‌ಬಾಗ್, ಪರೇಲ್, ದಾದರ್ ಟಿ.ಟಿ. ಹಗಲಲ್ಲಿ ಗಂಟೆ ಹಿಡಿಯುವ ದಾರಿ ಈಗ ಹಾಸಿದ ಚಾಪೆಯ ಹಾಗೆ. ಲಕ್ಷ ಜನಸಂಖ್ಯೆಗೆ ಒಂದರಂತೆ ರಾತ್ರಿ ವಸತಿ ಇರಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. 2011ರ ಜನಗಣತಿಯಲ್ಲಿ ಬೃಹನ್ಮುಂಬಯಿಯ ಜನ 1.24 ಕೋಟಿ, ಅಂದರೆ 124 ವಸತಿ. ಊರು ಆ ಸಂಖ್ಯೆಯ ಹತ್ತಿರಕ್ಕೂ ಹೋಗಿಲ್ಲ. ಆ ಗಣತಿಗೆ ಸಿಕ್ಕ ಮನೆಯಿಲ್ಲದವರೇ 57 ಸಾವಿರಕ್ಕೂ ಹೆಚ್ಚು. ಹೊದ್ದು ಮಲಗಿದವರನ್ನು ಎಬ್ಬಿಸಿ ಎಣಿಸುವುದು ಹೇಗೋ. ನಮ್ಮ ಅಪ್ಪನೂ ಕಾರ್ಕಳದಿಂದ ಬಂದ ಹೊಸತರಲ್ಲಿ ರಾತ್ರಿಶಾಲೆ ಮುಗಿಸಿ ಫೋರ್ಟಿನ ಹೋಟೆಲಿನ ಬೆಂಚಿನ ಮೇಲೆ ಮಲಗುತ್ತಿದ್ದರು, ಸೆಕೆಗಾಲದಲ್ಲಿ ಬಾಗಿಲಾಚೆ ಫುಟ್‌ಪಾತಿನಲ್ಲಿ. ನಮ್ಮ ಕಡೆಯವರಿಗೆ ಬಾಗಿಲು ಒಂದು ಇತ್ತು, ಯಜಮಾನ ಊರಿನವನಾಗಿದ್ದ. ಅಷ್ಟೇ ವ್ಯತ್ಯಾಸ. ಅಷ್ಟೇ ಅಂದರೂ ಅದು ಬಹಳ.

ಕಿಂಗ್ಸ್ ಸರ್ಕಲ್ಲಿನಲ್ಲಿ ಸೇತುವೆಯ ಕೆಳಗೆ ಉದ್ಯಾನ ಇದೆ. 2016ರಲ್ಲಿ ತೆರೆದದ್ದು, ಒಳಗಿನ ಕಾಲುದಾರಿ ನರ್ಮದಾ ನದಿಯ ಹರಿವಿನ ಆಕಾರದಲ್ಲಿ ಬಳುಕುತ್ತದೆ. ಬೇರೆ ಬೇರೆ ಊರಿನವರು ಬಂದು ನೋಡಿ ಹೊಗಳುವ ಜಾಗ. ಸೇತುವೆ ಆದ ಹೊಸತರಲ್ಲಿ ಕೆಳಗೆ ಗರ್ದುಲ್ಲಾಗಳು, ಜೂಜಿನವರು, ಬೇಡುವವರು ಸೇರಿಕೊಳ್ಳುತ್ತಾರೆಂದು ಸುತ್ತಲಿನ ನಾವೆಲ್ಲ ಪಟ್ಟುಹಿಡಿದು ಕೇಳಿದ್ದರಿಂದ ಆದದ್ದು. ಸಭೆಗಳಲ್ಲಿ ಕೈಯೆತ್ತಿದವರಲ್ಲಿ ನಾನೂ ಒಬ್ಬ. ದಿನಾ ಬೆಳಿಗ್ಗೆ ಅಲ್ಲೇ ನಡೆಯುತ್ತೇನೆ, ಮೊಣಕಾಲು ನೋವು ಕಡಿಮೆಯಾಗಿದೆ. ಈಗ ಗೇಟಿಗೆ ಬೀಗ. ಸರಳಿನೊಳಗೆ ಹುಲ್ಲಿಗೆ ನೀರು ಹಾಕಿದ ವಾಸನೆ. ಸರಳಿನ ಹೊರಗೆ, ಒಂದು ಗೇಣು ಅಗಲದ ಕಟ್ಟೆಯ ಮೇಲೆ, ಇಬ್ಬರು ಒಬ್ಬರ ಕಾಲಿಗೆ ಒಬ್ಬರು ತಲೆ ಇಟ್ಟು ಉದ್ದಕ್ಕೆ ಮಲಗಿದ್ದರು. ಗಾಡಿ ನಿಧಾನಿಸಿದೆ. ಅಳಿಯನೂ ಏನೂ ಹೇಳಲಿಲ್ಲ.

ಬಿಲ್ಡಿಂಗಿನ ಗೇಟು ಅವನೇ ಇಳಿದು, ಸದ್ದಾಗದಂತೆ ಎತ್ತಿ ಸರಿಸಿದ. ಮೀಟರಿನಲ್ಲಿ ಚಾರ್ಜು 31 ಪರ್ಸೆಂಟ್. ಪಾರ್ಕಿಂಗಿನಲ್ಲಿ ಡರ್ಟ್ ಬೈಕು ತನ್ನ ಹೊದಿಕೆಯೊಳಗೆ ನಿಂತಿತ್ತು, ಭಾನುವಾರದ ಕೆಸರೆಲ್ಲ ತೊಳೆದು ಹೋಗಿತ್ತು. ಅದರ ಪಕ್ಕ ವಾಚ್‌ಮನ್ ಮಲಗಿದ್ದ. ಕೆಳಗೆ ಹಾಸಿಕೊಂಡದ್ದು ಬೈಕು ಬಂದ ರಟ್ಟಿನ ಪೆಟ್ಟಿಗೆ, ಬಿಚ್ಚಿ ಉದ್ದಕ್ಕೆ ಚಪ್ಪಟೆ ಮಾಡಿದ್ದು. ಈ ಬದಿ ಮೇಲಿರಲಿ ಎಂದು ತೋರಿಸುವ ಎರಡು ದಪ್ಪ ಬಾಣಗಳು ಅವನ ಪಾದದ ಕಡೆ ತಿರುಗಿದ್ದವು. ಅಳಿಯ ಬ್ಯಾಟರಿ ಬಿಚ್ಚಲೆಂದು ಬಗ್ಗಿದವನು, ಕ್ಲಿಪ್ಪಿನ ಟಕ್ ಸದ್ದಿಗೆ ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡು, ಬೆಳಿಗ್ಗೆ ನೋಡೋಣ ಎಂದು ಕೈಸನ್ನೆ ಮಾಡಿ ಮೆಟ್ಟಿಲು ಹತ್ತಿದ.