ಒಲೆಯಿಲ್ಲದ ಮನೆಗಳ ಊರಿನಲ್ಲಿ ರಾತ್ರಿಯೂಟ

ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್ ಟೌನ್‌ನಲ್ಲಿ ಹೊತ್ತು ಮುಳುಗುವಾಗ ಕಿಂಬರ್ಲಿ ಬೀದಿಯ ಹಗಲಿನ ಅಂಗಡಿಗಳು ಷಟರ್ ಎಳೆಯುತ್ತವೆ. ಅದೇ ಷಟರ್‌ಗಳ ಮುಂದೆ ತಳ್ಳುಗಾಡಿಗಳು ಬಂದು ನಿಲ್ಲುತ್ತವೆ. ಮಡಚುವ ಮೇಜು ಬಿಚ್ಚಿಕೊಳ್ಳುತ್ತದೆ, ಪ್ಲಾಸ್ಟಿಕ್ ಸ್ಟೂಲುಗಳು ರಸ್ತೆಗಿಳಿಯುತ್ತವೆ, ಬಾತುಕೋಳಿಯ ಕರಿ ಸಾರು ಕುದಿಯತೊಡಗುತ್ತದೆ. ಆ ಸಾರಿನಲ್ಲಿ ಅಕ್ಕಿಹಿಟ್ಟಿನ ಸುರುಳಿಗಳನ್ನು ಮುಳುಗಿಸಿ ಕೊಡುವ ಕ್ವೇ ಚಾಪ್‌ಗೆ ಜನ ಸಾಲುಗಟ್ಟಿ ಕಾಯುತ್ತಾರೆ. ಕೂಗಳತೆ ದೂರದ ಚೂಲಿಯಾ ಬೀದಿಯಲ್ಲೂ ಇದೇ ಸಂಭ್ರಮ. ಈ ಊರಿನಲ್ಲಿ ರಾತ್ರಿ ಊಟಕ್ಕೆ ಎಲ್ಲಿ ಹೋಗಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಬೀದಿಗೆ ಹೋಗಿ.

ಇಲ್ಲಿ ಊಟ ಬೀದಿಗೆ ಬಂದದ್ದು ರುಚಿಗಾಗಿ ಅಲ್ಲ. ಬಂದವರಿಗೆ ಮನೆಯಲ್ಲಿ ಒಲೆ ಇರಲಿಲ್ಲ.

1786ರ ಆಗಸ್ಟ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಕೆಡಾ ಸುಲ್ತಾನನಿಂದ ಈ ದ್ವೀಪವನ್ನು ವಶಕ್ಕೆ ತೆಗೆದುಕೊಂಡ. ಸುಂಕವಿಲ್ಲದ ಬಂದರು ಎಂದು ಸಾರಿದ್ದೇ ತಡ, ಹಡಗುಗಳು ಬಂದವು. ಅವುಗಳ ಹಿಂದೆ ಕೈಕೆಲಸಕ್ಕೆ ಜನ ಬಂದರು: ದಕ್ಷಿಣ ಚೀನಾದ ಹೊಕ್ಕಿಯನ್, ತಿಯೊಚೂ, ಕ್ಯಾಂಟನಿನವರು, ಕೋರಮಂಡಲ ತೀರದ ತಮಿಳು ಮುಸಲ್ಮಾನರು, ಸುಮಾತ್ರಾದ ಅಚೆ ಪ್ರಾಂತದವರು, ಸಯಾಮಿನವರು, ಬರ್ಮಾದವರು. ದ್ವೀಪದ ಎದುರಿಗಿನ ನೆಲವನ್ನು ಕಂಪನಿ 1800ರಲ್ಲಿ ಪಡೆದು ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟಿತು. ಹಿಂದಿನ ವರ್ಷವಷ್ಟೇ ಶ್ರೀರಂಗಪಟ್ಟಣದ ಮೇಲೆ ದಂಡು ಕಳಿಸಿದ್ದವನು ಆತನೇ. ಮೈಸೂರಿನ ಕಥೆಯನ್ನೂ ಪೆನಾಂಗಿನ ಕಥೆಯನ್ನೂ ಬರೆದದ್ದು ಒಂದೇ ಕಚೇರಿ ಎಂಬುದನ್ನು ನಾವು ನೆನಪಿಟ್ಟುಕೊಳ್ಳಬೇಕು.

ಬಂದವರಲ್ಲಿ ಹೆಚ್ಚಿನವರು ಒಂಟಿ ಗಂಡಸರು. ಕೆಳಗೆ ಅಂಗಡಿ, ಮೇಲೆ ವಾಸ ಎಂಬ ಮಾದರಿಯ ಉದ್ದನೆಯ ಮನೆಗಳ ಮಹಡಿಯಲ್ಲಿ ಒಬ್ಬರ ಪಕ್ಕ ಒಬ್ಬರು ಮಲಗುತ್ತಿದ್ದರು. ಅಡುಗೆಗೆ ಜಾಗವಿಲ್ಲ, ಮೂಟೆ ಹೊತ್ತು ಬಂದವನಿಗೆ ತ್ರಾಣವೂ ಇಲ್ಲ. 1933ರಲ್ಲಿ ಸರ್ಕಾರ ಚೀನಿ ಗಂಡಸರ ವಲಸೆಗೆ ಮಿತಿ ಹಾಕಿದ ಮೇಲಷ್ಟೇ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದರು. ಅಲ್ಲಿಯವರೆಗೆ, ಸುಮಾರು ಒಂದೂವರೆ ಶತಮಾನ, ದುಡಿಯುವವರ ಹೊಟ್ಟೆ ತುಂಬಿಸಿದ್ದು ಹೆಗಲ ಮೇಲಿನ ಅಡುಗೆ.

ನಾಸಿ ಕಂದಾರ್ ಎಂಬ ಅನ್ನ-ಸಾರಿನ ಊಟ ಹುಟ್ಟಿದ್ದು ಆ ಹೆಗಲಿನ ಮೇಲೆಯೇ. ತಮಿಳು ಮುಸ್ಲಿಂ ವ್ಯಾಪಾರಿ ಕಾವಡಿಯ ಒಂದು ತುದಿಗೆ ಅನ್ನದ ಪಾತ್ರೆ, ಇನ್ನೊಂದು ತುದಿಗೆ ಸಾರಿನ ಪಾತ್ರೆ ತೂಗಿಕೊಂಡು ಬಂದರಿನ ಕೂಲಿಗಳ ನಡುವೆ ಓಡಾಡುತ್ತಿದ್ದ. ಆಗ ಅದು ಬೆಳಗಿನ ಊಟ, ಹಡಗಿನ ಸರಕು ಇಳಿಸುವ ಮೊದಲು ಹೊಟ್ಟೆಗೆ ಹಾಕಿಕೊಳ್ಳುವ ಅನ್ನ. ಕಾವಡಿ ಹೋಗಿ ಮರದಡಿಯ ಮೇಜು ಬಂತು, ಮೇಜು ಹೋಗಿ ಹೋಟೆಲ್ ಬಂತು. ಕ್ಯಾಂಪ್‌ಬೆಲ್ ಬೀದಿಯ ಹಮೀದಿಯಾ 1907ರಿಂದ ನಡೆದುಬಂದಿದೆ. ಪೆನಾಂಗ್ ರಸ್ತೆಯ ಪಕ್ಕದ ಓಣಿಯೊಂದಕ್ಕೆ ಸೂರು ಹೊದಿಸಿದಂತಿರುವ ಲೈನ್ ಕ್ಲಿಯರ್‌ನಲ್ಲಿ ನಡುರಾತ್ರಿಯಲ್ಲೂ ತಟ್ಟೆ ಸಿಗುತ್ತದೆ. ಬೆಳಗಿನ ಅನ್ನ ರಾತ್ರಿಯ ಅನ್ನವಾಯಿತು.

ಅದನ್ನು ಬಡಿಸುವ ಬಗೆಯನ್ನು ನಿಂತು ನೋಡಬೇಕು. ಬಿಳಿ ಅನ್ನ, ಮೇಲೆ ನೀವು ಬೊಟ್ಟು ಮಾಡಿದ ಕೋಳಿ, ಮೀನಿನ ಮೊಟ್ಟೆ, ಸ್ಕ್ವಿಡ್ ಅಥವಾ ಬೇಯಿಸಿದ ಬೆಂಡೆಕಾಯಿ. ಆಮೇಲೆ ಬಡಿಸುವವನ ಕೈ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾರುತ್ತದೆ: ಮೀನಿನ ಸಾರು ಒಂದು ಸೌಟು, ಕೋಳಿಯದ್ದು ಅರ್ಧ, ಮಾಂಸದ ಗಟ್ಟಿ ಮಸಾಲೆ ಒಂದಿಷ್ಟು. ಎಲ್ಲವೂ ಅನ್ನದ ಮೇಲೆ ಕೂಡಿ ಹರಿಯುತ್ತವೆ. ಯಾವುದೇ ಒಂದು ಸಾರನ್ನು ಬೇರೆ ಮಾಡಿ ತಿಂದರೆ ಅದು ಸಾಧಾರಣವೇ ಇರಬಹುದು, ರುಚಿ ಇರುವುದು ಆ ಬೆರಕೆಯಲ್ಲಿ. ಅನ್ನವೂ ಸಾರೂ ಬೇರೆ ಬೇರೆ ಬೇಕು ಎಂದು ಕೇಳುವ ಪ್ರವಾಸಿಗರನ್ನು ಕಂಡಾಗ ತಡೆದು ಹೇಳಬೇಕೆನಿಸುತ್ತದೆ. ಆ ಮೇಜುಗಳಲ್ಲಿ ಮಲಾಯರು, ಚೀನಿಯರು, ತಮಿಳರು ಅಕ್ಕಪಕ್ಕ ಕೂತು ಉಣ್ಣುತ್ತಾರೆ. ಊರಿನ ಎಲ್ಲ ತಟ್ಟೆಗಳ ಬಗ್ಗೆ ಈ ಮಾತು ಹೇಳಲಾಗದು.

ಉದಾಹರಣೆಗೆ ಚಾರ್ ಕ್ವೇ ತಿಯಾವ್. ಅಗಲವಾದ ಅಕ್ಕಿ ಶಾವಿಗೆಯನ್ನು ಧಗಧಗಿಸುವ ಬೆಂಕಿಯ ಮೇಲೆ ಹಂದಿಯ ಕೊಬ್ಬಿನಲ್ಲಿ ಹುರಿದು, ಸಿಗಡಿ, ಮೊಳಕೆ, ಮೊಟ್ಟೆ, ನಮ್ಮ ಕರಾವಳಿಯ ಮರುವಾಯಿಯನ್ನು ಹೋಲುವ ಚಿಪ್ಪುಮೀನು ಸೇರಿಸುತ್ತಾರೆ. ಹಗಲೆಲ್ಲ ಮೀನು ಹಿಡಿದು, ಚಿಪ್ಪು ಆಯ್ದ ತಿಯೊಚೂ ಜನ ರಾತ್ರಿ ನಾಲ್ಕು ಕಾಸಿಗಾಗಿ ಇದನ್ನು ಮಾರುತ್ತಿದ್ದರಂತೆ. ಕೊಬ್ಬು ಬೇಕಾದದ್ದು ಕೂಲಿಯ ಮೈಗೆ. ಹಂದಿ ಇರುವುದರಿಂದ ಮುಸಲ್ಮಾನರು ಆ ಗಾಡಿಯ ಹತ್ತಿರ ಹೋಗುವುದಿಲ್ಲ. ಆದರೆ ಚೀನಿಯರ ಹಳದಿ ಶಾವಿಗೆಯನ್ನು ತಮಿಳು ಮುಸ್ಲಿಮರು ತೆಗೆದುಕೊಂಡು, ಮೆಣಸಿನ ಗೊಜ್ಜು, ಆಲೂಗಡ್ಡೆ, ತೋಫು ಹಾಕಿ ಹುರಿದು ಮೀ ಗೋರೆಂಗ್ ಮಾಡಿದರು. ತಿನ್ನುವ ಕಟ್ಟುಪಾಡು ಬಿಡದೆಯೂ ನೆರೆಯವನ ಅಡುಗೆಯನ್ನು ಕಲಿಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಹೈನಾನಿನವರ ದಾರಿಯೇ ಬೇರೆ. ತಡವಾಗಿ ಬಂದ ಅವರಿಗೆ ವ್ಯಾಪಾರದಲ್ಲಿ ಜಾಗ ಸಿಗಲಿಲ್ಲ, ಬ್ರಿಟಿಷರ ಮನೆಗಳಲ್ಲೂ ಹಡಗುಗಳಲ್ಲೂ ಅಡುಗೆಯವರಾದರು. ದೊರೆಗಳ ಊಟಕ್ಕೆ ಸೋಯಾ ಸಾಸ್ ಸೇರಿಸಿದ ಚಿಕನ್ ಚಾಪ್ ಅವರ ಕೊಡುಗೆ.

ಒಲೆಯಿದ್ದ ಮನೆಗಳೂ ಇದ್ದವು. ಹಿಂದಿನಿಂದಲೂ ಇಲ್ಲೇ ಬೇರೂರಿ ಮಲಯ ರೀತಿನೀತಿ ಬೆರೆಸಿಕೊಂಡ ಪೆರನಾಕನ್ ಚೀನಿ ಕುಟುಂಬಗಳಲ್ಲಿ ಹೆಂಗಸರ ಅಡುಗೆಮನೆಯೇ ಒಂದು ಲೋಕ. ನ್ಯೋನ್ಯಾ ಅಡುಗೆ ಎಂದು ಕರೆಯುವುದು ಇದನ್ನೇ. ಹುದುಗಿಸಿದ ಸಿಗಡಿ, ತೆಂಗಿನ ಹಾಲು, ಅರೆಯುವ ಕಲ್ಲಿನಲ್ಲಿ ನುಣ್ಣಗಾದ ಮಸಾಲೆ ಇದರ ಜೀವಾಳ. ಸಯಾಮಿನ ನೆರೆಯಿಂದಾಗಿ ಪೆನಾಂಗಿನ ಅಡುಗೆಗೆ ಹುಳಿ ಹೆಚ್ಚು. ಊರಿನ ಅಸಂ ಲಾಕ್ಸಾದಲ್ಲಿ ಬೇಯುವುದು ನಮ್ಮ ಬಂಗುಡೆಯೇ. ಹುಳಿಗೆ ಹುಣಸೆಯ ಜೊತೆ ಉಪ್ಪಾಗೆಯ ಹತ್ತಿರದ ಬಂಧುವಾದ ಒಂದು ಕಾಯಿಯ ಒಣ ಹೋಳು, ಪರಿಮಳಕ್ಕೆ ಶುಂಠಿ ಜಾತಿಯ ಗಿಡದ ಗುಲಾಬಿ ಬಣ್ಣದ ಮೊಗ್ಗು. ಮಂಗಳೂರಿನ ಕಡೆಯವರಿಗೆ ಮೊದಲ ಗುಟುಕಿಗೇ ಪರಿಚಯ ಸಿಕ್ಕೀತು.

ಸಸ್ಯಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ. 1833ರ ಮಹಾಮಾರಿಯಮ್ಮನ್ ಗುಡಿಯ ಸುತ್ತಲಿನ ಲಿಟಲ್ ಇಂಡಿಯಾದಲ್ಲಿ ದೋಸೆ, ಬಾಳೆಎಲೆ ಊಟ ಸಿಗುತ್ತವೆ. ಚೀನಿಯರ ಒಂಬತ್ತನೇ ಚಾಂದ್ರಮಾಸದ ಮೊದಲ ಒಂಬತ್ತು ದಿನ ಒಂಬತ್ತು ಚಕ್ರವರ್ತಿ ದೇವರ ಹಬ್ಬವಾದ್ದರಿಂದ ಗಾಡಿಗಳಿಗೆ ಹಳದಿ ಬಾವುಟ ಏರಿ ಮಾಂಸವಿಲ್ಲದ ಅಡುಗೆ ಬೀದಿ ತುಂಬುತ್ತದೆ. ಆ ದಿನಗಳಲ್ಲಿ ಹೋಗಲು ಸಾಧ್ಯವಾದರೆ ಹೋಗಿ.

2000ದಲ್ಲಿ ಹಳೆಯ ಮನೆಗಳ ಬಾಡಿಗೆ ನಿಯಂತ್ರಣ ಕೊನೆಗೊಂಡಿತು. ಬಾಡಿಗೆ ಏರಿತು, ಊರೊಳಗಿನ ಎಷ್ಟೋ ಸಂಸಾರಗಳು ಹೊರವಲಯಕ್ಕೆ ಹೋದವು. 2008ರಲ್ಲಿ ಮಲಾಕಾ ಪಟ್ಟಣದೊಂದಿಗೆ ಈ ಊರು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಖಾಲಿ ಮನೆಗಳು ಕೆಫೆ, ಹೋಟೆಲುಗಳಾದವು. ಗೋಡೆಗಳು ಉಳಿದದ್ದು ಸಂತೋಷವೇ. ಆದರೆ ಗಾಡಿಯವರ ನಿತ್ಯದ ಗಿರಾಕಿ ಆ ಮಹಡಿಗಳ ನಿವಾಸಿಯಾಗಿದ್ದ, ಪ್ರವಾಸಿ ಅಲ್ಲ.

2016ರಿಂದ ಪೆನಾಂಗ್ ಸರ್ಕಾರ ಬೀದಿ ಗಾಡಿಗಳಲ್ಲಿ ವಿದೇಶಿಯರು ಮುಖ್ಯ ಅಡುಗೆಯವರಾಗುವುದನ್ನು ನಿಷೇಧಿಸಿತು. ಪಾತ್ರೆ ತೊಳೆಯಬಹುದು, ತರಕಾರಿ ಹೆಚ್ಚಬಹುದು, ಸೌಟು ಹಿಡಿಯುವಂತಿಲ್ಲ. ಊರಿನ ರುಚಿ ಕೆಡಬಾರದೆಂಬ ಕಾಳಜಿ ನನಗೆ ಅರ್ಥವಾಗುತ್ತದೆ, ಒಪ್ಪಲು ಮಾತ್ರ ಆಗುವುದಿಲ್ಲ. ಆ ರುಚಿಯನ್ನು ಕಟ್ಟಿದವರಲ್ಲಿ ಹೆಚ್ಚಿನವರು ಹಡಗಿನಿಂದ ಇಳಿದ ಪರದೇಶಿಗಳೇ ಆಗಿದ್ದರು. ಮುದುಕರಾಗುತ್ತಿರುವ ಗಾಡಿಯವರ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗುತ್ತಿರುವಾಗ, ಕಲಿಯಲು ಸಿದ್ಧವಿರುವ ಕೈಗಳನ್ನು ಪಾತ್ರೆ ತೊಳೆಯುವುದಕ್ಕೆ ಸೀಮಿತಗೊಳಿಸುವುದು ಆ ಅಡುಗೆಗೇ ಮಾಡುವ ಅನ್ಯಾಯ.

ಹೋಗುವವರು ಬೇಗ ಹೋಗಿ. ದಿನಕ್ಕೆಂದು ಮಾಡಿದ ಸಾರು ಮುಗಿದರೆ ಗಡಿಯಾರ ನೋಡದೆ ಗಾಡಿ ಮುಚ್ಚುತ್ತಾರೆ, ಮತ್ತೆ ಬೇಯಿಸುವುದಿಲ್ಲ. ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಕಿಂಬರ್ಲಿಯಲ್ಲಿ ಒಂದು ಬಟ್ಟಲು, ಚೂಲಿಯಾ ಬೀದಿಯಲ್ಲಿ ಅರ್ಧ ತಟ್ಟೆ ಶಾವಿಗೆ, ತಡವಾದ ಮೇಲೆ ನಾಸಿ ಕಂದಾರ್. ಕೈಯಲ್ಲೇ ಉಣ್ಣಿ.