ಹಳೆಯ ಕಾರಿಗೆ ರೇಸಿಂಗ್ ಆಸನದ ಜೋಡಣೆ: ಫ್ಯಾಬ್ರಿಕೇಶನ್ ಉದ್ಯಮಿಗಳು ತಿಳಿದಿರಬೇಕಾದ ಅಂಶಗಳು

ಭಂಕೂರ, ಶಹಾಬಾದ, ವಾಡಿ ಭಾಗದ ವೆಲ್ಡಿಂಗ್ ಹಾಗೂ ಫ್ಯಾಬ್ರಿಕೇಶನ್ ಅಂಗಡಿಗಳಿಗೆ ಕಬ್ಬಿಣದ ಕೆಲಸ ಹೊಸದಲ್ಲ. ಫರಸಿ ಕಲ್ಲಿನ ಯಂತ್ರಗಳು, ಲಾರಿಗಳು, ಟ್ರ್ಯಾಕ್ಟರುಗಳು ಅವುಗಳಿಗೆ ನಿತ್ಯದ ಪರಿಚಯ. ಇಂತಹ ಅಂಗಡಿಗೆ ಹಳೆಯ ಕಾರೊಂದು ಬಂದು, ಅದರ ಮೂಲ ಆಸನವನ್ನು ತೆಗೆದು ಹೊರಗಿನಿಂದ ತಂದ ರೇಸಿಂಗ್ ಆಸನವನ್ನು ಕೂಡಿಸಿಕೊಡಬೇಕೆಂದು ಮಾಲೀಕರು ಕೇಳಿದರೆ, ಅದು ಸಣ್ಣ ಕೆಲಸವೆಂದೇ ತೋರುತ್ತದೆ. ನಾಲ್ಕು ಆ್ಯಂಗಲ್ ತುಂಡು, ನಾಲ್ಕು ಬೋಲ್ಟು, ಒಂದೆರಡು ಗಂಟೆಯ ದುಡಿಮೆ. ಆದರೆ ಕಲ್ಲು ಕೊಯ್ಯುವ ಯಂತ್ರದ ಪಟ್ಟಿ ಕಿತ್ತರೆ ಒಂದು ದಿನದ ಉತ್ಪಾದನೆ ನಿಲ್ಲುತ್ತದೆ. ಆಸನದ ಪಟ್ಟಿ ಕಿತ್ತರೆ ಒಂದು ಜೀವ ಹೋಗಬಹುದು. ಈ ವ್ಯತ್ಯಾಸವು ಬಿಲ್ಲಿನ ಮೊತ್ತದಲ್ಲಿ ಕಾಣಿಸುವುದಿಲ್ಲ.

ನಮ್ಮ ದೇಶದಲ್ಲಿ ಅಪ್ಪಟ ಸ್ಪೋರ್ಟ್ಸ್ ಕಾರುಗಳು ತಯಾರಾದದ್ದು ಕಡಿಮೆ. ಗೋವಾದಲ್ಲಿ ತಯಾರಾದ ಎರಡು ಆಸನಗಳ ಸ್ಯಾನ್ ಸ್ಟಾರ್ಮ್ ಅಂತಹ ಒಂದು ಅಪರೂಪದ ಉದಾಹರಣೆ. ರೇಸಿಂಗ್ ಆಸನಗಳನ್ನು ಹೆಚ್ಚಾಗಿ ಕೂಡಿಸಿಕೊಂಡವು ರ್‍ಯಾಲಿಗಳಲ್ಲಿ ಓಡಿದ ಮಾರುತಿ ಜಿಪ್ಸಿ, ಎಸ್ಟೀಮ್‌ನಂತಹ ವಾಹನಗಳು. ಸ್ಪರ್ಧೆಯ ವಾಹನಕ್ಕೆ ತಪಾಸಣಾಧಿಕಾರಿಗಳಿರುತ್ತಾರೆ. ರಸ್ತೆಯಲ್ಲಿ ಓಡುವ ಹಳೆಯ ಕಾರಿಗೆ ಅದನ್ನು ಜೋಡಿಸಿದ ಕುಶಲಕರ್ಮಿಯೇ ಕೊನೆಯ ತಪಾಸಣಾಧಿಕಾರಿ.

ಭಾರದ ಲೆಕ್ಕ

ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗೋಡೆಗೆ ಬಡಿದು ಅರ್ಧ ಮೀಟರಿನಷ್ಟು ನುಜ್ಜುಗುಜ್ಜಾಗಿ ನಿಂತಿತೆಂದು ಭಾವಿಸೋಣ. ಆ ಕ್ಷಣದಲ್ಲಿ ಒಳಗಿನ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಚಾಲಕ 75 ಕಿಲೋ, ಆಸನ 15 ಕಿಲೋ ಎಂದರೆ ಎರಡೂ ಸೇರಿ 1,800 ಕಿಲೋ ಭಾರ. ಸೀಟ್ ಬೆಲ್ಟನ್ನು ಆಸನಕ್ಕೇ ಬಿಗಿದಿದ್ದರೆ ಈ ಇಡೀ ಭಾರವನ್ನು ಆಸನದ ಕಾಲುಗಳೇ ಹೊರಬೇಕು.

ಭಾರವು ನೇರವಾಗಿ ನೆಲಮಟ್ಟದಲ್ಲಿ ಬೀಳುವುದಿಲ್ಲವೆಂಬುದು ಇನ್ನೂ ಮುಖ್ಯ. ಅದು ನೆಲದಿಂದ ಸುಮಾರು 40 ಸೆಂಟಿಮೀಟರ್ ಎತ್ತರದಲ್ಲಿ ಎಳೆಯುತ್ತದೆ ಮತ್ತು ಮುಂದಿನ-ಹಿಂದಿನ ಬೋಲ್ಟುಗಳ ನಡುವಿನ ಅಂತರ 30 ಸೆಂಟಿಮೀಟರ್ ಇದೆ ಎಂದುಕೊಂಡರೆ, ಸನಿಕೆಯಿಂದ ಮೀಟಿದಂತೆ ಹಿಂದಿನ ಎರಡು ಬೋಲ್ಟುಗಳು 2,400 ಕಿಲೋ ಬಲದಿಂದ ಮೇಲಕ್ಕೆ ಕೀಳಲ್ಪಡುತ್ತವೆ. ಒಂದೊಂದಕ್ಕೆ 1,200 ಕಿಲೋ. ಚಾಲಕನಿಗೆ ರಸ್ತೆ ಚೆನ್ನಾಗಿ ಕಾಣಲೆಂದು ಆಸನದ ಕೆಳಗೆ 5 ಸೆಂಟಿಮೀಟರ್ ಎತ್ತರದ ಚೌಕ ಪೈಪು ಇಟ್ಟರೆ ಇದೇ ಲೆಕ್ಕ 1,350 ಕಿಲೋಗೆ ಏರುತ್ತದೆ. ಗ್ರಾಹಕರು ಹಗುರವಾಗಿ ಕೇಳುವ ಈ ಎತ್ತರವೇ ಅತ್ಯಂತ ದುಬಾರಿ ಬೇಡಿಕೆ.

8 ಮಿಲಿಮೀಟರಿನ, 8.8 ದರ್ಜೆಯ ಒಂದು ಬೋಲ್ಟು ತುಂಡಾಗಲು ಸುಮಾರು 3 ಟನ್ ಎಳೆತ ಬೇಕು. ಆದ್ದರಿಂದ ಬೋಲ್ಟು ತುಂಡಾಗುವುದು ಅಪರೂಪ. ಸೋಲುವುದು ಅದರ ಕೆಳಗಿನ ತಗಡು. ಹಳೆಯ ಕಾರಿನ ನೆಲದ ತಗಡು ಒಂದು ಮಿಲಿಮೀಟರಿನ ಆಸುಪಾಸಿನದು, ಅದೂ ತುಕ್ಕು ಹಿಡಿಯದಿದ್ದರೆ. ಸಾಮಾನ್ಯ ವಾಷರಿನ ಆನಿಕೆ ಒಂದೂವರೆ ಚದರ ಸೆಂಟಿಮೀಟರಿಗೂ ಕಡಿಮೆ. ಅಷ್ಟು ಕಿರಿದಾದ ಜಾಗದಲ್ಲಿ ಟನ್ನುಗಟ್ಟಲೆ ಎಳೆತ ಬಿದ್ದಾಗ ಬೋಲ್ಟು ವಾಷರಿನೊಡನೆ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ.

ಅಂತಾರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಐಎ ತನ್ನ ನಿಯಮಾವಳಿಯ 253ನೇ ವಿಧಿಯಲ್ಲಿ ಇದಕ್ಕೆ ಸರಳ ಪರಿಹಾರ ನೀಡಿದೆ. ಆಸನದ ಆಧಾರಪಟ್ಟಿಗಳನ್ನು ವಾಹನಕ್ಕೆ ಕನಿಷ್ಠ 4 ಕಡೆ, ಕನಿಷ್ಠ 8 ಮಿಲಿಮೀಟರ್ ಬೋಲ್ಟುಗಳಿಂದ ಬಿಗಿಯಬೇಕು. ತಗಡಿನ ಅಡಿಯಲ್ಲಿ ಮರುಫಲಕವಿಟ್ಟು ಪ್ರತಿ ಬಿಂದುವಿನಲ್ಲಿ 40 ಚದರ ಸೆಂಟಿಮೀಟರ್ ಆನಿಕೆ ಒದಗಿಸಬೇಕು. ಪಟ್ಟಿ ಮತ್ತು ಫಲಕದ ದಪ್ಪ ಉಕ್ಕಿನದಾದರೆ ಕನಿಷ್ಠ 3 ಮಿಲಿಮೀಟರ್, ಹಗುರ ಮಿಶ್ರಲೋಹದ್ದಾದರೆ 5 ಮಿಲಿಮೀಟರ್. ಆಸನವನ್ನು ಆಧಾರಪಟ್ಟಿಗೆ ಬಿಗಿಯುವ ಪ್ರತಿ ಬಿಂದುವೂ ಯಾವ ದಿಕ್ಕಿನಿಂದಾದರೂ 15,000 ನ್ಯೂಟನ್, ಅಂದರೆ ಸುಮಾರು ಒಂದೂವರೆ ಟನ್ ಬಲವನ್ನು ತಾಳಬೇಕು. 40 ಚದರ ಸೆಂಟಿಮೀಟರ್ ಎಂದರೆ ಹೆಚ್ಚೇನಲ್ಲ, ಆರೂವರೆ ಸೆಂಟಿಮೀಟರ್ ಚೌಕದ ಒಂದು ತುಂಡು. ಪ್ರತಿ ಅಂಗಡಿಯ ಮೂಲೆಯಲ್ಲೂ ಬಿದ್ದಿರುವ ಚೂರುಗಳಲ್ಲೇ ಇದು ಸಿಗುತ್ತದೆ. ಅದರ ಮೂಲೆಗಳನ್ನು ಮಾತ್ರ ಉಜ್ಜಿ ದುಂಡಾಗಿಸಬೇಕು. ಚೂಪು ಮೂಲೆ ತಾನೇ ತಗಡನ್ನು ಕೊಯ್ಯುತ್ತದೆ.

ಜೋಡಿಸುವ ಮೊದಲು ನೆಲಹಾಸು ತೆಗೆದು, ತಗಡನ್ನು ಸುತ್ತಿಗೆಯಿಂದ ತಟ್ಟಿ ನೋಡುವುದು ಅನಿವಾರ್ಯ. ನಮ್ಮ ಭಾಗದಲ್ಲಿ ಕಲ್ಲಿನ ಹಾಗೂ ಸಿಮೆಂಟಿನ ಧೂಳು ನೆಲಹಾಸಿನ ಕೆಳಗೆ ಸೇರಿ, ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಬಣ್ಣ ನೆಟ್ಟಗಿದ್ದು ಕೆಳಗೆ ತಗಡು ಬಿಸ್ಕತ್ತಿನಂತಾಗಿರಬಹುದು. ಅಂತಹ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯದೆ ಆಸನ ಕೂಡಿಸುವುದು ವ್ಯರ್ಥ. ಸ್ಯಾನ್ ಸ್ಟಾರ್ಮ್‌ನಂತೆ ಫೈಬರ್ ಗ್ಲಾಸ್ ಮೈಯುಳ್ಳ ಕಾರಿನಲ್ಲಿ ಫೈಬರನ್ನು ಮಾತ್ರ ನಂಬಿ ಬೋಲ್ಟು ಬಿಗಿಯಲೇಬಾರದು. ಆಧಾರವನ್ನು ಕೆಳಗಿನ ಉಕ್ಕಿನ ಚೌಕಟ್ಟಿನವರೆಗೆ ಒಯ್ಯಬೇಕು. 3 ಮಿಲಿಮೀಟರ್ ಪಟ್ಟಿಯನ್ನು ತೆಳು ತಗಡಿಗೆ ನೇರವಾಗಿ ಬೆಸೆದರೆ ತಗಡು ಸುಟ್ಟು ದುರ್ಬಲವಾಗುವುದರಿಂದ ಬೋಲ್ಟು ಮತ್ತು ಮರುಫಲಕವೇ ಲೇಸು. ರಂಧ್ರ ಕೊರೆಯುವ ಮುನ್ನ ಕೆಳಗೆ ಪೆಟ್ರೋಲು, ಬ್ರೇಕಿನ ಕೊಳವೆಗಳು ಎಲ್ಲಿ ಹಾದಿವೆಯೆಂದು ನೋಡುವುದನ್ನು ಅನುಭವಿಗಳೂ ಮರೆಯುವುದುಂಟು.

ಬೆಲ್ಟಿನ ವಿಷಯ

ಬೆಲ್ಟನ್ನು ಆಸನಕ್ಕಾಗಲಿ ಅದರ ಪಟ್ಟಿಗಾಗಲಿ ಬಿಗಿಯುವುದನ್ನು ಎಫ್‌ಐಎ ನಿಷೇಧಿಸಿದೆ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ: ಬೆಲ್ಟು ಕಾರಿನ ಮೈಗೆ ಬಿಗಿದಿದ್ದರೆ, ಎದುರಿನಿಂದ ಡಿಕ್ಕಿಯಾದಾಗ ಆಸನದ ಬೋಲ್ಟುಗಳು ಮುಖ್ಯವಾಗಿ ಆಸನದ 15 ಕಿಲೋಗಷ್ಟೇ, ಅಂದರೆ ಸುಮಾರು 300 ಕಿಲೋ ಬಲಕ್ಕಷ್ಟೇ ಉತ್ತರಿಸಬೇಕಾಗುತ್ತದೆ. ಹಿಂದಿನಿಂದ ಡಿಕ್ಕಿಯಾದಾಗ ಮಾತ್ರ ಇಡೀ ದೇಹ ಬೆನ್ನೊರಗಿನ ಮೇಲೆ ಬೀಳುವುದರಿಂದ ಬೋಲ್ಟುಗಳಿಗೆ ವಿನಾಯಿತಿ ಇಲ್ಲ.

ಎಡವಟ್ಟು ಆಗುವುದು ಇಲ್ಲಿಯೇ. ಅನೇಕ ಕಾರುಗಳಲ್ಲಿ ಬೆಲ್ಟಿನ ಬಕಲ್ ಮೂಲ ಆಸನದ ಹಳಿಗೇ ಕೂಡಿರುತ್ತದೆ. ಆಸನ ತೆಗೆದಾಗ ಬಕಲ್ ಅನಾಥವಾಗುತ್ತದೆ. ಹೊಸ ಆಸನದ ಆ್ಯಂಗಲ್ ಪಟ್ಟಿಗೆ ಅದನ್ನು ಸಿಕ್ಕಿಸಿ ಕೆಲಸ ಮುಗಿಸುವ ರೂಢಿಯಿದೆ. ತಯಾರಕರ ಆ ಹಳಿಯನ್ನು ಬೆಲ್ಟಿನ ಎಳೆತಕ್ಕೆಂದೇ ಪರೀಕ್ಷಿಸಲಾಗಿರುತ್ತದೆ, ಅಂಗಡಿಯ ಪಟ್ಟಿಯನ್ನು ಯಾರೂ ಪರೀಕ್ಷಿಸಿಲ್ಲ. ಬಕಲ್‌ಗೆ ನೆಲದಲ್ಲಿ ಅಥವಾ ಗೇರಿನ ಸುರಂಗದ ಬದಿಯಲ್ಲಿ 40 ಚದರ ಸೆಂಟಿಮೀಟರ್ ಫಲಕದ ಪ್ರತ್ಯೇಕ ಬಿಂದು ಮಾಡಿಕೊಡಬೇಕು. ಬೆಲ್ಟಿನ ಬೋಲ್ಟುಗಳು ಸಾಮಾನ್ಯವಾಗಿ 7/16 ಇಂಚಿನ ಯುಎನ್‌ಎಫ್ ಮರೆಯವು. 12 ಮಿಲಿಮೀಟರಿನದನ್ನು ಅದರಲ್ಲಿ ತಿರುಗಿಸಲು ಹೋದರೆ ಮರೆ ಕೆಡುತ್ತದೆ. ಹಾರ್ಡ್‌ವೇರ್ ವರ್ತಕರು ಇವನ್ನು ಸಂಗ್ರಹದಲ್ಲಿಟ್ಟರೆ ಎಲ್ಲರಿಗೂ ಉಪಕಾರ.

ರೇಸಿಂಗ್ ಆಸನದೊಡನೆ ನಾಲ್ಕು ಬಿಂದುಗಳ ಬೆಲ್ಟನ್ನೂ ಕೇಳುವವರಿದ್ದಾರೆ. ಅದರ ಭುಜಪಟ್ಟಿಗಳು ಬೆನ್ನೊರಗಿನ ಅಂಚಿನಿಂದ ಹಿಂದಕ್ಕೆ ಇಳಿಯುವ ಕೋನ 45 ಡಿಗ್ರಿ ಮೀರಬಾರದು. 10 ಡಿಗ್ರಿಯೊಳಗಿದ್ದರೆ ಉತ್ತಮ. ಆಸನದ ಹಿಂದೆಯೇ ನೆಲಕ್ಕೆ ಕಟ್ಟಿದ ಭುಜಪಟ್ಟಿ ಡಿಕ್ಕಿಯ ವೇಳೆ ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತದೆ. ಒಳಗೆ ರಕ್ಷಣಾ ಪಂಜರವಿಲ್ಲದ ರಸ್ತೆಯ ಕಾರಿಗೆ ತಯಾರಕರ ಮೂರು ಬಿಂದುಗಳ ಬೆಲ್ಟೇ ಸರಿ. ಕಾರು ಮಗುಚಿ ಛಾವಣಿ ಕುಸಿದಾಗ ದೇಹ ಬದಿಗೆ ಬಾಗಲು ಅದು ಎಡೆ ಕೊಡುತ್ತದೆ.

ಮಾರಾಟಗಾರರ ಹೊಣೆ

ಆಸನ ಮಾರುವವರು ಎಫ್‌ಐಎ 8855-1999 ಎಂಬ ಚೀಟಿ ಮತ್ತು ತಯಾರಿಕೆಯ ದಿನಾಂಕವನ್ನು ನೋಡಬೇಕು. ಸ್ಪರ್ಧೆಗೆ ಅದರ ಬಾಳಿಕೆ ತಯಾರಾದ ದಿನದಿಂದ 5 ವರ್ಷ. ಚೀಟಿಯಿಲ್ಲದೆ, ನೋಟಕ್ಕೆ ಹಾಗೆಯೇ ಕಾಣುವ ಆಸನಗಳನ್ನು ಅಲಂಕಾರದ ಸರಕೆಂದೇ ಹೇಳಿ ಮಾರುವುದು ಪ್ರಾಮಾಣಿಕತೆ.

ಕಾನೂನೂ ಈಗ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಆಸನಗಳ ಸಂಖ್ಯೆಯೂ ಆ ಪತ್ರದಲ್ಲಿದೆ. ಹಿಂದಿನ ಆಸನ ಕಿತ್ತು ಹಗುರ ಮಾಡಿಕೊಡಿ ಎಂಬ ಬೇಡಿಕೆಗೆ ಇದೇ ಉತ್ತರ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು ಅನಧಿಕೃತ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸುರಕ್ಷತೆಗೆ ನಿರ್ಣಾಯಕವೆಂದು ಸರ್ಕಾರ ಗೊತ್ತುಪಡಿಸಿದ ಬಿಡಿಭಾಗವನ್ನು ಮಾನಕಕ್ಕೆ ವಿರುದ್ಧವಾಗಿ ಮಾರಿದವರಿಗೆ ದಂಡ ಪ್ರತಿ ಬಿಡಿಭಾಗಕ್ಕೆ 1 ಲಕ್ಷ ರೂಪಾಯಿ ಇದೆ. ಆದುದರಿಂದ ಕೆಲಸ ಒಪ್ಪುವ ಮೊದಲು ಸಾರಿಗೆ ಕಚೇರಿಯ ಹಾಗೂ ವಿಮಾ ಕಂಪನಿಯ ಒಪ್ಪಿಗೆಯನ್ನು ಮಾಲೀಕರಿಂದ ಲಿಖಿತವಾಗಿ ಕೇಳುವುದು ಒಳ್ಳೆಯದು. ಬೋಲ್ಟಿನ ದರ್ಜೆ ಮತ್ತು ಫಲಕದ ದಪ್ಪವನ್ನು ಬಿಲ್ಲಿನಲ್ಲಿ ಬರೆದು, ಮರುಫಲಕಗಳ ಫೋಟೋ ತೆಗೆದಿಟ್ಟು, ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ವಾಹನವನ್ನು ಮರಳಿ ಕರೆಸಿ ಬೋಲ್ಟುಗಳ ಬಿಗಿ ನೋಡುವುದು ಈ ಕೆಲಸದ ಕೊನೆಯ ಹಂತ. ಅದರ ಕೂಲಿಯನ್ನು ಮೊದಲೇ ದರದಲ್ಲಿ ಸೇರಿಸಿಕೊಳ್ಳಬಹುದು.