ಹತ್ತು ಸಾವಿರ ಹೆಜ್ಜೆ: ಲೆಕ್ಕ ಯಾರದು?

ಬೆಳಗಿನ ನಡಿಗೆಗೆ ಹೊರಡುವ ಅನೇಕರ ಮಣಿಕಟ್ಟಿನಲ್ಲಿ ಈಗ ಲೆಕ್ಕದ ಗುಮಾಸ್ತನೊಬ್ಬ ಕುಳಿತಿದ್ದಾನೆ. ಹೆಜ್ಜೆ, ನಾಡಿಬಡಿತ, ನಿದ್ದೆ ಎಲ್ಲವೂ ಅವನ ಖಾತೆಯಲ್ಲಿ ಜಮಾ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ತುಂಬಿದರೆ ಪಟ್ಟಿ ನಡುಗಿ ಶಹಭಾಸ್ ಹೇಳುತ್ತದೆ. ತುಂಬದಿದ್ದರೆ ಏನೋ ತಪ್ಪು ಮಾಡಿದ ಭಾವನೆ. ಆದರೆ ಈ ಹತ್ತು ಸಾವಿರ ಎಂಬ ಗುರಿಯನ್ನು ನಿಗದಿ ಮಾಡಿದವರು ಯಾರು?

ಇದರ ಮೂಲ ಆಸ್ಪತ್ರೆಯಲ್ಲಿಲ್ಲ, ಅಂಗಡಿಯಲ್ಲಿದೆ. 1964ರಲ್ಲಿ ಟೋಕಿಯೋ ನಗರದಲ್ಲಿ ಒಲಿಂಪಿಕ್ಸ್ ನಡೆಯಿತು. ಮರುವರ್ಷವೇ ಜಪಾನಿನ ಯಾಮಾಸಾ ಕಂಪೆನಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಸಾಧನವೊಂದನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು 'ಮಾನ್‌ಪೋ-ಕೇ'. 'ಮಾನ್' ಎಂದರೆ ಹತ್ತು ಸಾವಿರ, 'ಪೋ' ಎಂದರೆ ಹೆಜ್ಜೆ, 'ಕೇ' ಎಂದರೆ ಮಾಪಕ. ನಮ್ಮ ಎಣಿಕೆಯಲ್ಲಿ ಲಕ್ಷಕ್ಕೆ ಸ್ವಂತ ಹೆಸರಿರುವಂತೆ ಜಪಾನೀಯರ ಎಣಿಕೆಯಲ್ಲಿ ಹತ್ತು ಸಾವಿರಕ್ಕೆ ಇದೆ. ನೆನಪಿನಲ್ಲಿ ಉಳಿಯುವ ಆ ಹೆಸರೇ ಮುಂದೆ ಜಗತ್ತಿನ ಆರೋಗ್ಯಸೂತ್ರವಾಗಿ ಬೆಳೆದಿರಬೇಕೆಂಬುದು ಸಂಶೋಧಕರ ಅಭಿಪ್ರಾಯ.

ಹಳೆಯ ಮಾಪಕಗಳ ಒಳಗೆ ಸ್ಪ್ರಿಂಗಿಗೆ ತೂಗುಬಿಟ್ಟ ಸಣ್ಣ ಸನ್ನೆ ಇರುತ್ತಿತ್ತು. ಸೊಂಟ ಕುಲುಕಿದಾಗಲೆಲ್ಲ ಅದು ಬಡಿದು ಒಂದು ಹೆಜ್ಜೆ ಲೆಕ್ಕಕ್ಕೆ ಸೇರುತ್ತಿತ್ತು. ಈಗಿನ ಪಟ್ಟಿಗಳಲ್ಲಿರುವುದು ಕಣ್ಣಿಗೆ ಕಾಣದಷ್ಟು ಕಿರಿದಾದ ಸಿಲಿಕಾನ್ ತುಣುಕು. ಕೈ ಬೀಸಿದಂತೆ ಅದು ಅತ್ತಿತ್ತ ಸರಿಯುತ್ತದೆ. ಆ ಚಲನೆಯನ್ನು ವಿದ್ಯುತ್ ಸಂಕೇತವಾಗಿಸಿ, ಅದರಲ್ಲಿ ನಡಿಗೆಯ ಲಯವಿದೆಯೇ ಎಂದು ಯಂತ್ರ ಹುಡುಕುತ್ತದೆ. ಹಾಗಾಗಿ ತಳ್ಳುಗಾಡಿ ಹಿಡಿದು ಮೈಲಿ ನಡೆದರೂ ಮಣಿಕಟ್ಟು ಅಲುಗದಿದ್ದರೆ ಎಷ್ಟೋ ಹೆಜ್ಜೆಗಳು ಲೆಕ್ಕ ತಪ್ಪಬಹುದು. ನಾಡಿಬಡಿತದ ಲೆಕ್ಕಕ್ಕೆ ಬಳಸುವುದು ಹಸಿರು ಬೆಳಕು. ರಕ್ತ ಈ ಬೆಳಕನ್ನು ಹೀರುವುದರಿಂದ, ಪ್ರತಿ ಬಡಿತಕ್ಕೂ ಹಿಂದಿರುಗುವ ಬೆಳಕು ಏರಿಳಿಯುತ್ತದೆ.

ಎಣಿಕೆ ಸರಿಯಿದ್ದರೂ ಗುರಿ ಸರಿಯೇ ಎಂಬುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಮಹಿಳೆಯರಿಗೆ ಇಂಥ ಸಂವೇದಕ ತೊಡಿಸಿ ನಡೆಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ 4,400 ಹೆಜ್ಜೆ ನಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ ಶೇಕಡಾ 41ರಷ್ಟು ಕಡಿಮೆಯಿತ್ತು. ಈ ಲಾಭ 7,500ರ ಆಸುಪಾಸಿನವರೆಗೆ ಏರಿ, ಅಲ್ಲಿಂದಾಚೆ ನಿಂತಿತು. ಆರೋಗ್ಯವಂತರೇ ಹೆಚ್ಚು ನಡೆಯುವುದೂ ಉಂಟಾದ್ದರಿಂದ, ಇಡೀ ಶ್ರೇಯಸ್ಸನ್ನು ಹೆಜ್ಜೆಗಳಿಗೇ ಕೊಡುವಂತಿಲ್ಲ. 15 ಅಧ್ಯಯನಗಳನ್ನು ಒಟ್ಟುಗೂಡಿಸಿದ 2022ರ ವರದಿಯ ಪ್ರಕಾರ, ಲಾಭ ಏರದೆ ನಿಲ್ಲುವ ಮಟ್ಟ ಅರವತ್ತು ದಾಟಿದವರಿಗೆ 6,000ದಿಂದ 8,000, ಅದಕ್ಕಿಂತ ಕಿರಿಯರಿಗೆ 8,000ದಿಂದ 10,000. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೂ ಹೆಜ್ಜೆ ಎಣಿಸುವುದೇ ಇಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಸಾಕೆನ್ನುತ್ತದೆ.

ಹತ್ತು ಸಾವಿರ ನಡೆಯಬಲ್ಲವರು ನಡೆಯಲಿ, ಕಿರಿಯರಿಗೆ ಅದು ತೀರಾ ದೂರದ ಗುರಿಯೂ ಅಲ್ಲ. ಆದರೆ ಮಂಡಿನೋವಿನ ನಡುವೆಯೂ ನಾಲ್ಕು ಸಾವಿರ ಹೆಜ್ಜೆ ಹಾಕಿ ಬಂದ ಅಜ್ಜಿ, ಮಣಿಕಟ್ಟಿನ ಗುಮಾಸ್ತನ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ಪಟ್ಟಿಗೆ ಹೆಜ್ಜೆ ಎಣಿಸಲು ಗೊತ್ತು. ಎಷ್ಟು ಸಾಕೆಂಬುದನ್ನು ವಯಸ್ಸು, ದೇಹಸ್ಥಿತಿ ಮತ್ತು ವೈದ್ಯರ ಸಲಹೆ ನೋಡಿ ತೀರ್ಮಾನಿಸಬೇಕಾದವರು ನಡೆಯುವವರೇ.